ಪರಭಾಷಾಬೋಧನೆಯಲ್ಲಿ ಸಂವಾದದ ಸ್ಥಾನ: ಬೆಂಗಳೂರು ಪ್ರಯೋಗದ ವಿಮರ್ಶೆ

ಭಾಷೆಯನ್ನು ಕಲಿಸುವುದು ಬೇರೆ, ಭಾಷೆಯ ವಿಚಾರವನ್ನು ಕಲಿಸುವುದು ಬೇರೆ. ಮೊದಲನೆಯದು ವಿದ್ಯಾರ್ಥಿಯ ನಾಲಗೆಯ ಮೇಲೆ ನಿಲ್ಲುವುದು. ಎರಡನೆಯದು ಪರೀಕ್ಷೆಯ ಕಾಗದದ ಮೇಲೆ ನಿಂತು, ಪರೀಕ್ಷೆ ಮುಗಿದ ಕೆಲವೇ ದಿನಗಳಲ್ಲಿ ಅಳಿಸಿಹೋಗುವುದು. ಕನ್ನಡ ನಾಡಿನ ಶಾಲೆಗಳಲ್ಲಿ ಹಲವು ವರ್ಷ ಇಂಗ್ಲೀಷನ್ನು ಓದಿದ ಹುಡುಗನು ಆ ಭಾಷೆಯ ಕ್ರಿಯಾಪದಗಳ ಮೂರು ರೂಪಗಳನ್ನು ತಡೆಯಿಲ್ಲದೆ ಒಪ್ಪಿಸುವನು. ಆದರೆ ಪರಸ್ಥಳದವನೊಬ್ಬನು ಅಂಚೆಯ ಕಚೇರಿಗೆ ದಾರಿ ಯಾವುದೆಂದು ಆ ಭಾಷೆಯಲ್ಲಿ ಕೇಳಿದರೆ ಕೈ ತೋರಿಸಿ ಸುಮ್ಮನಾಗುವನು. ಈ ಮೌನಕ್ಕೆ ಹುಡುಗನ ಬುದ್ಧಿಮಾಂದ್ಯವು ಕಾರಣವಲ್ಲ. ತರಗತಿಯಲ್ಲಿ ಅವನಿಂದ ಆ ಭಾಷೆಯನ್ನು ಓದಿಸಿದರು, ಬರೆಯಿಸಿದರು, ಬಾಯಿಪಾಠ ಮಾಡಿಸಿದರು. ಆ ಭಾಷೆಯಲ್ಲಿ ಅವನೊಡನೆ ಮಾತನಾಡಿದವರು ಮಾತ್ರ ಯಾರೂ ಇಲ್ಲ.

ಕನ್ನಡಿಗರಲ್ಲಿ ಇಂಗ್ಲೀಷು ವಿದ್ಯಾಭ್ಯಾಸದ ವಿಷಯವಾಗಿ ನಡೆದಿರುವ ಚರ್ಚೆಯು ಬಹುಮಟ್ಟಿಗೆ ಮಾಧ್ಯಮವನ್ನು ಕುರಿತದ್ದು. ಆ ವಿವಾದವು ಬೀದಿಗೂ ನ್ಯಾಯಸ್ಥಾನಕ್ಕೂ ಹೋಗಿ, 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಶಾಲೆಗಳಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರವು ಕಡ್ಡಾಯಗೊಳಿಸಲಾಗದೆಂದು ತೀರ್ಪಿತ್ತಿತು. ಪರಭಾಷೆಯನ್ನು ಯಾವ ಕ್ರಮದಿಂದ ಕಲಿಸಿದರೆ ಮಗುವಿಗೆ ಅದು ದಕ್ಕುವುದೆಂಬ ವಿಚಾರಕ್ಕೆ ಇದರ ನೂರರಲ್ಲೊಂದು ಪಾಲು ಗಮನವೂ ದೊರೆತಿಲ್ಲ. ಹೀಗಿರಲು, ಬೆಂಗಳೂರಿನ ಹೆಸರನ್ನೇ ಹೊತ್ತು ದೇಶವಿದೇಶಗಳ ವಿದ್ವಾಂಸರಲ್ಲಿ ಚರ್ಚಿತವಾದ ಪ್ರಯೋಗವೊಂದು ಇದೇ ವಿಚಾರವಾಗಿ 1979ರಿಂದ 1984ರ ವರೆಗೆ ನಡೆಯಿತೆಂಬ ಸಂಗತಿಯು ಇಲ್ಲಿನ ವಿದ್ಯಾವಂತ ಕುಟುಂಬಗಳಿಗೇ ಹೆಚ್ಚಾಗಿ ತಿಳಿಯದಿರುವುದು ವಿಷಾದಕರ. ಆ ಪ್ರಯೋಗದ ವೃತ್ತಾಂತವನ್ನೂ ತತ್ತ್ವವನ್ನೂ ಅದರ ಪ್ರವರ್ತಕರಾದ ಎನ್. ಎಸ್. ಪ್ರಭು ಅವರು 1987ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದ ಮೂಲಕ ಹೊರಬಂದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಎಂಬ ಗ್ರಂಥದಲ್ಲಿ ನಿರೂಪಿಸಿರುವರು. ಆ ಗ್ರಂಥದ ಗುಣದೋಷಗಳನ್ನು ತೂಗಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಪ್ರಯೋಗದ ಮಹತ್ತ್ವವು ತಿಳಿಯಬೇಕಾದರೆ ಅದಕ್ಕೆ ಹಿಂದಿನ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ವ್ಯಾಕರಣವನ್ನು ಹೇಳಿಕೊಟ್ಟು ವಾಕ್ಯಗಳನ್ನು ಭಾಷಾಂತರ ಮಾಡಿಸುವ ಪದ್ಧತಿಯು ಯೂರೋಪಿನ ಶಾಲೆಗಳಲ್ಲಿಯೂ ಬಹುಕಾಲ ನಡೆಯಿತು. 1882ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಫೀಯೆಟೋರ್ ಎಂಬ ಪಂಡಿತನು ಗುಪ್ತನಾಮದಿಂದ ಒಂದು ಸಣ್ಣ ಪುಸ್ತಕವನ್ನು ಬರೆದು, ಭಾಷಾಬೋಧನೆಯು ಹಿಡಿದ ದಾರಿಯನ್ನು ಬಿಟ್ಟು ತಿರುಗಬೇಕೆಂದು ವಾದಿಸಿದನು. ಅದಕ್ಕೆ ನಾಲ್ಕು ವರ್ಷ ಮುಂಚೆಯೇ, 1878ರಲ್ಲಿ, ಅಮೆರಿಕಾದ ಪ್ರಾವಿಡೆನ್ಸ್ ಪಟ್ಟಣದಲ್ಲಿ ಮ್ಯಾಕ್ಸಿಮಿಲಿಯನ್ ಬರ್ಲಿಟ್ಜ್ ಎಂಬಾತನು ಕಲಿಯಬೇಕಾದ ಭಾಷೆಯಲ್ಲಿಯೇ ಪ್ರಶ್ನೋತ್ತರ ಮಾಡುತ್ತ ಕಲಿಸುವ ಶಾಲೆಯನ್ನು ತೆರೆದಿದ್ದನು. ಪ್ರತ್ಯಕ್ಷ ಪದ್ಧತಿಯೆಂದು ಹೆಸರಾದ ಈ ಕ್ರಮವು ಹಣ ತೆತ್ತು ಬರುವ ನಾಲ್ಕಾರು ಮಂದಿ ವಯಸ್ಕರಿಗೆ ಒಪ್ಪಿತು. ಐವತ್ತು ಮಕ್ಕಳ ತರಗತಿಗೆ ಒಗ್ಗಲಿಲ್ಲ. ವಂಗದೇಶದ ಢಾಕಾದಲ್ಲಿ ಉಪಾಧ್ಯಾಯರ ಶಿಕ್ಷಣದಲ್ಲಿ ತೊಡಗಿದ್ದ ಮೈಕೇಲ್ ವೆಸ್ಟ್ ಎಂಬವರು ಇದನ್ನು ಕಂಡುಕೊಂಡು, 1926ರ ತಮ್ಮ ಗ್ರಂಥದಲ್ಲಿ, ಭಾರತದ ಮಗುವಿಗೆ ಮೊದಲು ಓದುವ ಶಕ್ತಿಯನ್ನು ಕೊಡಬೇಕೆಂದರು. ನಡುವೆಯೇ ಶಾಲೆ ಬಿಡುವ ಹುಡುಗನಿಗೂ ಏನಾದರೂ ಫಲ ಕೈಗೆ ಬರಬೇಕೆಂಬುದು ಅವರ ಕಾಳಜಿ. ಸ್ವಾತಂತ್ರ್ಯಾನಂತರ ಬಂದ ರಚನಾ ಪದ್ಧತಿಯು ಭಾಷೆಯನ್ನು ವಾಕ್ಯರಚನೆಗಳ ತುಂಡುಗಳಾಗಿ ಒಡೆದು, ಸುಲಭವಾದುದು ಮೊದಲು, ಕಠಿನವಾದುದು ಆಮೇಲೆ ಎಂದು ಜೋಡಿಸಿ, ಒಂದೊಂದನ್ನೂ ಬಾಯಲ್ಲಿ ನಲಿಯುವವರೆಗೆ ಹೇಳಿಸಿತು. ಮಕ್ಕಳು ಒಕ್ಕೊರಲಿನಿಂದ ಹೇಳಿದರು. ವಾಕ್ಯಗಳು ಬಂದುವು, ಮಾತು ಬರಲಿಲ್ಲ.

ಆಗ ಮದರಾಸಿನ ಬ್ರಿಟಿಷ್ ಕೌನ್ಸಿಲಿನಲ್ಲಿದ್ದ ಪ್ರಭು ಅವರು, ಬೆಂಗಳೂರಿನ ಪ್ರಾದೇಶಿಕ ಇಂಗ್ಲೀಷು ಸಂಸ್ಥೆಯ ಸಹಕಾರದಿಂದ, ಬೆಂಗಳೂರು, ಮದರಾಸು ಮೊದಲಾದ ದಕ್ಷಿಣದ ಊರುಗಳ ಸಾಮಾನ್ಯ ಶಾಲೆಗಳಲ್ಲಿ ಹೊಸ ಕ್ರಮವೊಂದನ್ನು ಪರೀಕ್ಷಿಸಿದರು. ವಿದ್ಯಾರ್ಥಿಯ ಮನಸ್ಸು ಅರ್ಥದಲ್ಲಿ ತೊಡಗಿರುವಾಗಲೇ ಭಾಷೆಯ ರೂಪವು ಅವನಲ್ಲಿ ಚೆನ್ನಾಗಿ ಬೇರೂರುವುದೆಂಬುದು ಅವರ ಮೂಲಪ್ರಮೇಯ. ಆದುದರಿಂದ ಅವರ ತರಗತಿಯಲ್ಲಿ ಇಂತಿಂಥ ವಾಕ್ಯರಚನೆಗಳನ್ನು ಇಂದು ಕಲಿಸತಕ್ಕದ್ದೆಂಬ ಪಟ್ಟಿಯಿಲ್ಲ. ಇಂತಿಂಥ ಕೆಲಸಗಳನ್ನು ಇಂದು ಮಾಡತಕ್ಕದ್ದೆಂಬ ಪಟ್ಟಿಯುಂಟು. ನಕ್ಷೆಯನ್ನು ನೋಡಿ ದಾರಿ ಹುಡುಕುವುದು, ಲೆಕ್ಕ ಹಾಕಿ ಕ್ರಯವನ್ನು ಕಂಡುಹಿಡಿಯುವುದು, ರೈಲುಗಾಡಿಗಳ ವೇಳಾಪಟ್ಟಿಯಿಂದ ಪ್ರಯಾಣವನ್ನು ಗೊತ್ತುಮಾಡುವುದು, ಇವೇ ಮೊದಲಾದುವು ಆ ಕೆಲಸಗಳು. ಮೊದಲು ಉಪಾಧ್ಯಾಯನು ಒಂದು ಕೆಲಸವನ್ನು ಇಡಿಯ ತರಗತಿಯೊಡನೆ ಪ್ರಶ್ನೋತ್ತರ ಮಾಡುತ್ತ ಬಿಡಿಸುವನು. ಅನಂತರ ಅದೇ ಬಗೆಯ ಮತ್ತೊಂದನ್ನು ವಿದ್ಯಾರ್ಥಿಗಳು ತಾವು ತಾವೇ ಬಿಡಿಸುವರು. ತರಗತಿಯಲ್ಲಿ ಅರ್ಧದಷ್ಟು ಮಂದಿಯಾದರೂ ಕೆಲಸದ ಅರ್ಧಭಾಗವನ್ನಾದರೂ ಸರಿಯಾಗಿ ಮಾಡಿದರೆ ಆ ಕೆಲಸವು ತಕ್ಕ ಮಟ್ಟದ್ದೆಂದು ನಿರ್ಣಯ.

ಇಂತಹ ಪಾಠವು ಹೇಗೆ ನಡೆಯಬಹುದೆಂಬುದಕ್ಕೆ ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಕಪ್ಪುಹಲಗೆಯ ಮೇಲೆ ಎರಡು ಗಾಡಿಗಳ ವೇಳೆಯನ್ನು ಬರೆದಿದೆ ಎನ್ನೋಣ. ಒಂದು ಮೈಸೂರನ್ನು ಬೆಳಿಗ್ಗೆ 6-45ಕ್ಕೆ ಬಿಟ್ಟು 9-30ಕ್ಕೆ ಬೆಂಗಳೂರನ್ನು ಸೇರುವುದು. ಮತ್ತೊಂದು 11-30ಕ್ಕೆ ಹೊರಟು ಮಧ್ಯಾಹ್ನ 2-45ಕ್ಕೆ ಸೇರುವುದು. ಯಾವ ಗಾಡಿಯು ಬೇಗನೆ ಓಡುವುದೆಂದು ಉಪಾಧ್ಯಾಯನು ಇಂಗ್ಲೀಷಿನಲ್ಲಿ ಕೇಳುವನು. ಹುಡುಗರು ಕಳೆದು ನೋಡಿ ಮೊದಲನೆಯದೆನ್ನುವರು. ಬೆಂಗಳೂರಿನಲ್ಲಿ 12 ಗಂಟೆಗೆ ಕೆಲಸವಿದ್ದು, ಮೈಸೂರಿಗೆ ಬೆಳಿಗ್ಗೆ 8ಕ್ಕೆ ಮುಂಚೆ ಬರಲಾರದ ಹಳ್ಳಿಯವನು ಏನು ಮಾಡಬೇಕೆಂದು ಮತ್ತೆ ಕೇಳುವನು. ಈಗ ತರಗತಿಯು ಒಂದು ಕ್ಷಣ ನಿಶ್ಶಬ್ದವಾಗುವುದು. ಕಡೆಗೆ ಒಬ್ಬನು, ತಪ್ಪುತಪ್ಪಾದ ಎರಡು ಮೂರು ಇಂಗ್ಲೀಷು ಪದಗಳಲ್ಲಿ, ಅವನು ಹಿಂದಿನ ದಿನವೇ ಹೊರಡಬೇಕೆಂಬ ಅರ್ಥವನ್ನು ಹೇಳುವನು. ಉಪಾಧ್ಯಾಯನು ಆ ಉತ್ತರವನ್ನು ಮೆಚ್ಚಿ, ಅದನ್ನೇ ಸರಿಯಾದ ವಾಕ್ಯದಲ್ಲಿ ತಾನು ಹೇಳಿ ಮುಂದಕ್ಕೆ ಹೋಗುವನು. ತಪ್ಪು ತಿದ್ದಿತು, ಆದರೆ ಪಾಠವು ತಪ್ಪಿನ ಮೇಲೆ ನಿಲ್ಲಲಿಲ್ಲ.

ಈ ಗ್ರಂಥದ ಮುಖ್ಯಗುಣವು ಇಲ್ಲಿಯೇ ಇದೆ. ತರಗತಿಯಲ್ಲಿ ಕೇಳುವ ಪ್ರಶ್ನೆಗಳಲ್ಲಿ ಎರಡು ಜಾತಿ. ಪುಸ್ತಕವನ್ನು ಕೈಯಲ್ಲಿ ಹಿಡಿದು ಇದೇನೆಂದು ಕೇಳುವುದು ಒಂದು ಜಾತಿ. ಕೇಳುವವನಿಗೂ ಗೊತ್ತು, ಕೇಳಿಸಿಕೊಳ್ಳುವವನಿಗೂ ಗೊತ್ತು. ಉತ್ತರದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಲೋಕದಲ್ಲಿ ಯಾವ ಮನುಷ್ಯನೂ ಮತ್ತೊಬ್ಬನೊಡನೆ ಹೀಗೆ ಮಾತನಾಡುವುದಿಲ್ಲ. ಎರಡನೆಯ ಜಾತಿಯ ಪ್ರಶ್ನೆಗೆ ಉತ್ತರವು ಹುಡುಗನ ಬಾಯಿಪಾಠದಲ್ಲಿ ಸಿದ್ಧವಾಗಿರುವುದಿಲ್ಲ. ಅವನು ಆಲೋಚಿಸಿ ಅದನ್ನು ಹುಟ್ಟಿಸಬೇಕು. ಆಗ ಭಾಷೆಯು ಅವನ ಬುದ್ಧಿಗೆ ಆಯುಧವಾಗುವುದು. ಪ್ರಭು ಅವರು ತಮ್ಮ ಕೆಲಸಗಳನ್ನು ಮೂರು ಬಗೆಯಾಗಿ ವಿಂಗಡಿಸಿರುವರು: ಒಬ್ಬನಲ್ಲಿರುವ ವಾರ್ತೆಯನ್ನು ಮತ್ತೊಬ್ಬನಿಗೆ ಮುಟ್ಟಿಸುವುದು, ಕೊಟ್ಟಿರುವ ವಾರ್ತೆಯಿಂದ ಯುಕ್ತಿಬಲದಿಂದ ಹೊಸದೊಂದನ್ನು ತೆಗೆಯುವುದು, ತನ್ನ ಅಭಿಪ್ರಾಯವನ್ನು ಹೇಳುವುದು. ಮೊದಲನೆಯದು ಬರಿಯ ಸಾಗಣೆ. ಮೂರನೆಯದು ಎಳೆಯರಿಗೆ ಭಾರ. ಸರಿತಪ್ಪುಗಳ ನಿಶ್ಚಯವುಳ್ಳ ನಡುವಿನದೇ ತರಗತಿಗೆ ಶ್ರೇಷ್ಠವೆಂಬುದು ಅವರ ಅನುಭವದ ಸಾರ. ಅನುಮಾನಪ್ರಮಾಣಕ್ಕೆ ಶಾಸ್ತ್ರಗಳಲ್ಲಿ ಗಣ್ಯವಾದ ಸ್ಥಾನವನ್ನು ಕೊಟ್ಟ ಈ ದೇಶದಲ್ಲಿ ಈ ನಿರ್ಣಯವು ವಿಚಿತ್ರವಾಗಿ ತೋರಲಾರದು.

ವ್ಯಾಕರಣವನ್ನು ಹಿಂದಕ್ಕೆ ಸರಿಸಿದರೆಂದು ಪಂಡಿತರು ಆಕ್ಷೇಪಿಸಬಹುದು. ಆದರೆ ಪಾಣಿನೀಯವನ್ನು ಆದರಿಸುವವರಿಗೇ ಈ ಆಕ್ಷೇಪವು ಒಪ್ಪತಕ್ಕದ್ದಲ್ಲ. ಶಬ್ದಗಳು ವೈಯಾಕರಣನ ಮನೆಯಲ್ಲಿ ತಯಾರಾಗುವ ಪದಾರ್ಥಗಳಲ್ಲವೆಂಬುದನ್ನು ಮಹಾಭಾಷ್ಯಕಾರರು ಕುಂಬಾರನ ದೃಷ್ಟಾಂತದಿಂದ ಬಹು ಹಿಂದೆಯೇ ತೋರಿಸಿಕೊಟ್ಟಿರುವರು. ಲೋಕದಲ್ಲಿ ಬಳಕೆಯಾಗುತ್ತಿರುವ ಭಾಷೆಯನ್ನು ಶಾಸ್ತ್ರವು ನಿಯಮಿಸುವುದೇ ಹೊರತು ಹುಟ್ಟಿಸುವುದಿಲ್ಲ. ಮಾತನ್ನೇ ಕೇಳದ ಮಗುವಿಗೆ ಸೂತ್ರವನ್ನು ಕೊಡುವುದು ಗಿಡವಿಲ್ಲದ ಕಡೆ ಬೇಲಿ ಹಾಕಿದಂತೆ. ಗಿಡವು ಎದ್ದ ಮೇಲೆ ಬೇಲಿಯು ಬೇಕೇ ಬೇಕು. ಈ ಎರಡನೆಯ ಮಾತಿಗೆ ಗ್ರಂಥದಲ್ಲಿ ಸಾಲದಷ್ಟು ಸ್ಥಳ ದೊರೆತಿದೆಯೆಂಬುದು ಮಾತ್ರ ಒಪ್ಪಬೇಕಾದ ಕೊರತೆ. ಕೆನಡಾ ದೇಶದಲ್ಲಿ ಫ್ರೆಂಚಿನ ಮೂಲಕವೇ ಸಕಲ ಪಾಠಗಳನ್ನೂ ಕೇಳಿದ ಇಂಗ್ಲೀಷು ಮಕ್ಕಳು ವರ್ಷಗಳ ಮೇಲೂ, ಕೇಳಿದುದನ್ನು ಚೆನ್ನಾಗಿ ಗ್ರಹಿಸಿದರೂ, ಮಾತಿನಲ್ಲಿ ವ್ಯಾಕರಣದೋಷಗಳನ್ನು ಉಳಿಸಿಕೊಂಡಿದ್ದುದನ್ನು 1985ರಲ್ಲಿ ಮೆರಿಲ್ ಸ್ವೇನ್ ಎಂಬ ವಿದುಷಿಯು ಎತ್ತಿ ತೋರಿದಳು. ಅರ್ಥ ತಿಳಿದ ಮಾತ್ರಕ್ಕೆ ರೂಪವು ಕೈವಶವಾಗದು. ತಾನೇ ಮಾತನಾಡಿ, ತಡವರಿಸಿ, ತಿದ್ದಿಕೊಂಡಾಗಲೇ ಅದು ಬರುವುದೆಂಬುದು ಅವಳ ವಾದದ ತಿರುಳು.

ಈ ಕಾರಣದಿಂದಲೇ ಗ್ರಂಥದ ಮತ್ತೊಂದು ನಿರ್ಣಯವನ್ನು ವಿಸ್ತಾರವಾಗಿ ಪರೀಕ್ಷಿಸಬೇಕಾಗಿದೆ. ವಿದ್ಯೆಯು ಯಾವ ಯಾವ ಕಡೆಯಿಂದ ಬರುವುದೆಂಬುದಕ್ಕೆ ಪಾಠಶಾಲೆಗಳಲ್ಲಿ ಪರಂಪರೆಯಿಂದ ಬಂದ ಎಣಿಕೆಯೊಂದುಂಟು: ಕಾಲುಭಾಗ ಗುರುವಿನಿಂದ, ಕಾಲುಭಾಗ ಸ್ವಬುದ್ಧಿಯಿಂದ, ಕಾಲುಭಾಗ ಸಹಪಾಠಿಗಳಿಂದ, ಉಳಿದ ಕಾಲುಭಾಗ ಕಾಲಕ್ರಮದಿಂದ. ಬೆಂಗಳೂರಿನ ಪ್ರಯೋಗವನ್ನು ಈ ನಾಲ್ಕು ಪಾದಗಳಿಂದ ಅಳೆದರೆ ಅದರ ಬಲವೂ ಕುಂದೂ ಒಟ್ಟಿಗೆ ಕಾಣುವುವು. ಗುರುವಿನ ಪಾದವು ಅಲ್ಲಿ ಸಂಪೂರ್ಣ. ಸ್ವಬುದ್ಧಿಯ ಪಾದವಂತೂ ಅದರ ಜೀವಾಳ. ಮೂರನೆಯ ಪಾದವೇ ಕುಂಟುವುದು. ವಿದ್ಯಾರ್ಥಿಗಳನ್ನು ಗುಂಪುಗೂಡಿಸಿ ಪರಸ್ಪರ ಪರಭಾಷೆಯಲ್ಲಿ ಮಾತನಾಡಿಸುವುದನ್ನು ಪ್ರಭು ಅವರು ಬುದ್ಧಿಪೂರ್ವಕವಾಗಿ ಕೈಬಿಟ್ಟರು. ಅರೆಬರೆ ತಿಳಿದ ಒಬ್ಬನ ಮಾತನ್ನು ಅರೆಬರೆ ತಿಳಿದ ಮತ್ತೊಬ್ಬನು ಕೇಳಿದರೆ ಇಬ್ಬರ ತಪ್ಪುಗಳೂ ಗಟ್ಟಿಯಾಗುವುವು, ಉಪಾಧ್ಯಾಯನ ಶುದ್ಧಭಾಷೆಯ ಸಂಪರ್ಕವು ಕಡಿಮೆಯಾಗುವುದು ಎಂಬುದು ಅವರ ಹೆದರಿಕೆ. ತಾನೇ ಇಚ್ಛೆಪಟ್ಟು ಪಕ್ಕದವನನ್ನು ಕೇಳುವುದನ್ನು ಅವರು ನಿಷೇಧಿಸಲಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ಈ ಹೆದರಿಕೆಯು ಸಕಾರಣವೆ? ಅದೇ 1985ರಲ್ಲಿ ಮೈಕೇಲ್ ಲಾಂಗ್ ಮತ್ತು ಪೆಟ್ರೀಷಿಯಾ ಪೋರ್ಟರ್ ಎಂಬಿಬ್ಬರು ಅಂದಿನವರೆಗಿನ ಪರಿಶೋಧನೆಗಳನ್ನು ಕೂಡಿಸಿ ನೋಡಿ, ಕಲಿಯುವವರು ತಮ್ಮತಮ್ಮೊಳಗೆ ಮಾತನಾಡುವಾಗ ಉಪಾಧ್ಯಾಯನ ಮುಂದೆ ಮಾಡುವುದಕ್ಕಿಂತ ಹೆಚ್ಚು ತಪ್ಪುಗಳನ್ನು ಮಾಡುವುದಿಲ್ಲ, ಮಾತನಾಡುವ ಅವಕಾಶವು ಮಾತ್ರ ಬಹಳ ಹೆಚ್ಚುವುದು ಎಂದು ತೋರಿಸಿದರು. ಲೆಕ್ಕವೂ ಈ ಪಕ್ಷಕ್ಕೇ ಸಾಕ್ಷಿ. 45 ನಿಮಿಷದ ಪಾಠದಲ್ಲಿ 50 ಮಕ್ಕಳಿದ್ದು, ಉಪಾಧ್ಯಾಯನು ಒಂದು ಮಾತನ್ನೂ ಆಡದೆ ಸರದಿಯಂತೆ ಒಬ್ಬೊಬ್ಬರನ್ನೇ ಮಾತನಾಡಿಸಿದರೂ ಒಬ್ಬನ ಪಾಲಿಗೆ ಒಂದು ನಿಮಿಷವೂ ಬರುವುದಿಲ್ಲ. ಆ ನಿಮಿಷವಾದರೂ ಎಲ್ಲರಿಗೂ ಸಮವಾಗಿ ಹಂಚಿಹೋಗುವುದಿಲ್ಲ. ಮುಂದಿನ ಸಾಲಿನ ಚುರುಕು ಹುಡುಗರೇ ಅದನ್ನು ಹಂಚಿಕೊಳ್ಳುವರು. ಮನೆಯಲ್ಲಿ ಇಂಗ್ಲೀಷಿನ ಗಾಳಿಯಿಲ್ಲದೆ ಹಿಂದಿನ ಸಾಲಿನಲ್ಲಿ ಕುಳಿತ ಹುಡುಗಿಯು ಎಲ್ಲವನ್ನೂ ಕೇಳಿಸಿಕೊಂಡು, ಲೆಕ್ಕವನ್ನು ಮನಸ್ಸಿನಲ್ಲಿಯೇ ಬಿಡಿಸಿ, ಬಾಯಿ ತೆರೆಯದೆ ಮನೆಗೆ ಹೋಗುವಳು. ಅವಳು ಪಕ್ಕದವಳೊಡನೆ ಮಾತ್ರ ಧೈರ್ಯವಾಗಿ ಮಾತನಾಡಬಲ್ಲಳು. ಸಹಪಾಠಿಯ ಮುಂದೆ ತಪ್ಪುವುದೇ ಹೆಚ್ಚು ನಾಚಿಕೆಯೆಂದು ಕೆಲವರು ವಾದಿಸುವರು. ಇಡಿಯ ತರಗತಿಯ ಮುಂದೆ ಎದ್ದು ನಿಂತು ತಪ್ಪುವುದು ಐವತ್ತು ಮಂದಿ ಸಹಪಾಠಿಗಳ ಮುಂದೆ ತಪ್ಪಿದಂತೆ ಎಂಬುದನ್ನು ಅವರು ಮರೆತಿರುವರು.

ಈ ವಿಷಯದಲ್ಲಿ ಇತಿಹಾಸದ ಒಂದು ವಿನೋದವೂ ಉಂಟು. ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥಾಲಯದ ಅಧಿಕಾರಿ ಆಂಡ್ರೂ ಬೆಲ್ ಎಂಬ ಪಾದ್ರಿಯು, ಈ ದೇಶದ ಮಕ್ಕಳು ಮರಳಿನ ಮೇಲೆ ಅಕ್ಷರ ಬರೆದು ಕಲಿಯುತ್ತಿದ್ದುದನ್ನು ಕಂಡು, ಬಲ್ಲ ಹುಡುಗನು ಅರಿಯದ ಹುಡುಗನಿಗೆ ಹೇಳಿಕೊಡುವ ಕ್ರಮವನ್ನು ತನ್ನ ಶಾಲೆಯಲ್ಲಿ ನಡೆಯಿಸಿ, 1797ರಲ್ಲಿ ಅದರ ವರದಿಯನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಅದು ಮದರಾಸು ಪದ್ಧತಿಯೆಂದೇ ಪ್ರಸಿದ್ಧವಾಯಿತು. ಅದು ಹೆಚ್ಚಾಗಿ ಅಕ್ಷರಾಭ್ಯಾಸಕ್ಕೂ ಗುಣಿತಕ್ಕೂ ಸಂಬಂಧಿಸಿದುದು, ಸಂಭಾಷಣೆಗಲ್ಲ. ಆದರೂ ಸಹಪಾಠಿಯೂ ಒಬ್ಬ ಗುರುವೆಂಬ ತತ್ತ್ವವು ಈ ನೆಲಕ್ಕೆ ಹೊಸದಲ್ಲವೆಂಬುದಕ್ಕೆ ಅಷ್ಟು ಸಾಲದೆ? ಗುರುಗಳ ಪಾಠವು ಮುಗಿದ ಮೇಲೆ ವಿದ್ಯಾರ್ಥಿಗಳು ಕೂಡಿ ಕುಳಿತು ಒಬ್ಬನು ಪೂರ್ವಪಕ್ಷವನ್ನು ಹಿಡಿದು ಮತ್ತೊಬ್ಬನು ಸಿದ್ಧಾಂತವನ್ನು ಹೇಳುವ ಚಿಂತನವಿಲ್ಲದೆ ಸಂಸ್ಕೃತ ಪಾಠಶಾಲೆಗಳಲ್ಲಿ ಯಾವ ಶಾಸ್ತ್ರವೂ ಗಟ್ಟಿಯಾಗುತ್ತಿರಲಿಲ್ಲ. ಅಲ್ಲಿಯೂ ತಪ್ಪುಗಳಾಗುತ್ತಿದ್ದುವು, ಮರುದಿನ ಗುರುಗಳ ಮುಂದೆ ಅವು ಬಯಲಾಗಿ ತಿದ್ದುತ್ತಿದ್ದುವು. ಪ್ರಭು ಅವರ ಪ್ರಯೋಗವು ನಡೆಯುತ್ತಿದ್ದ ಕಾಲದಲ್ಲಿಯೇ, 1981ರಲ್ಲಿ, ಬೆಂಗಳೂರಿನಿಂದ ಹೊರಟ ಸಂಸ್ಕೃತ ಸಂಭಾಷಣದ ಚಳವಳಿಯೂ ಇದೇ ಮಾರ್ಗವನ್ನು ಹಿಡಿಯಿತು: ಹತ್ತು ದಿನಗಳ ಶಿಬಿರಗಳಲ್ಲಿ ಸಂಸ್ಕೃತದಿಂದಲೇ ಸಂಸ್ಕೃತವನ್ನು ಕಲಿಸಿ, ಬಂದವರನ್ನು ಪರಸ್ಪರ ಮಾತನಾಡಿಸುವುದು. ಅಲ್ಲಿನ ಭಾಷೆಯು ಸರಳ, ಪಾಂಡಿತ್ಯವು ಸ್ವಲ್ಪ. ಆದರೆ ಬಾಯಿ ಬಿಡುವ ಸಂಕೋಚವು ಹೋಗುವುದು. ಪ್ರಯೋಗದ ಯುಕ್ತಿಪ್ರಧಾನವಾದ ಕೆಲಸಗಳಿಗೆ ಈ ಮೂರನೆಯ ಪಾದವು ಸೇರಿದ್ದರೆ ಫಲವು ಇನ್ನೂ ಹೆಚ್ಚಾಗುತ್ತಿತ್ತೆಂದು ಹೇಳುವುದು ಅನ್ಯಾಯವಲ್ಲ. ಮೊದಲು ಗುರುವಿನೊಡನೆ, ಆಮೇಲೆ ಪಕ್ಕದವನೊಡನೆ, ಕಡೆಗೆ ಮತ್ತೆ ಗುರುವಿನ ಮುಂದೆ ಎಂಬ ಕ್ರಮವನ್ನಿಟ್ಟುಕೊಂಡರೆ ತಪ್ಪುಗಳು ಗಟ್ಟಿಯಾಗುವ ಭಯವೂ ತಗ್ಗುವುದು.

ನಾಲ್ಕನೆಯ ಪಾದವಾದ ಕಾಲದ ವಿಷಯದಲ್ಲಿ ಪ್ರಯೋಗಕ್ಕೆ ಅದೃಷ್ಟವು ಸಾಲದಾಯಿತು. ಒಂದೊಂದು ತರಗತಿಯಲ್ಲಿ ಅದು ನಡೆದುದು ಒಂದರಿಂದ ಮೂರು ವರ್ಷ. ಆಲನ್ ಬೆರೆಟ್ಟಾ ಮತ್ತು ಆಲನ್ ಡೇವೀಸ್ ಎಂಬ ಪರೀಕ್ಷಕರು ಪ್ರಯೋಗದ ತರಗತಿಗಳನ್ನು ಹಳೆಯ ಪದ್ಧತಿಯ ತರಗತಿಗಳೊಡನೆ ಹೋಲಿಸಿ 1985ರಲ್ಲಿ ವರದಿಯನ್ನು ಪ್ರಕಟಿಸಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯವರೂ, ಅರ್ಥಪ್ರಧಾನವಾದ ಕೆಲಸದ ಪರೀಕ್ಷೆಯಲ್ಲಿ ಹೊಸ ಪದ್ಧತಿಯವರೂ ಮುಂದಾದರು; ಒಟ್ಟಿನಲ್ಲಿ ಫಲವು ಪ್ರಯೋಗಕ್ಕೆ ಅನುಕೂಲವಾಗಿಯೇ ತೋರಿತು. ಆದರೆ ಮಕ್ಕಳನ್ನು ಚೀಟಿ ಹಾಕಿ ಹಂಚದೆ, ಇದ್ದ ತರಗತಿಗಳನ್ನೇ ತೆಗೆದುಕೊಂಡದ್ದರಿಂದ ಈ ನಿರ್ಣಯವನ್ನು ಕಡೆಯ ಮಾತೆಂದು ತಿಳಿಯಬಾರದೆಂದು ಅವರೇ ಎಚ್ಚರಿಸಿದರು. ಮುಂದೆ 1990ರಲ್ಲಿ ಬೆರೆಟ್ಟಾ ಬರೆದ ಮತ್ತೊಂದು ಲೇಖನವು ಇನ್ನೂ ಮುಖ್ಯವಾದ ಸಂಗತಿಯನ್ನು ಹೊರಗೆಡಹಿತು: ಹೊರಗಿನಿಂದ ಬಂದು ಪಾಠ ಹೇಳಿದ ವಿಶೇಷಜ್ಞರಲ್ಲಿ ಪದ್ಧತಿಯು ಚೆನ್ನಾಗಿ ನೆಲೆಗೊಂಡಿತು, ಆಯಾ ಶಾಲೆಯ ನಿತ್ಯದ ಉಪಾಧ್ಯಾಯರಲ್ಲಿ ಬಹುಮಂದಿಗೆ ಅದು ಪೂರ್ತಿಯಾಗಿ ಕೈಗೂಡಲಿಲ್ಲ.

ಇದರಲ್ಲಿ ಆಶ್ಚರ್ಯವಿಲ್ಲ. ಸಿದ್ಧವಾದ ವಾಕ್ಯವನ್ನು ಹೇಳಿಸುವವನಿಗೆ ಆ ವಾಕ್ಯವೊಂದು ಬಂದರೆ ಸಾಕು. ಹುಡುಗನು ಯಾವ ಉತ್ತರವನ್ನು ಕೊಟ್ಟರೂ ಅದನ್ನು ಹಿಡಿದು ಮುಂದಿನ ಪ್ರಶ್ನೆಯನ್ನು ಕೂಡಲೆ ಕಟ್ಟಬೇಕಾದವನಿಗೆ ಇಡಿಯ ಭಾಷೆಯೇ ಬರಬೇಕು. ಆ ಭಾಷೆಯಲ್ಲಿ ಯಾರೊಡನೆಯೂ ಸಂವಾದ ಮಾಡದೆಯೇ ಉಪಾಧ್ಯಾಯನಾದವನಿಂದ ಅದನ್ನು ನಿರೀಕ್ಷಿಸುವುದು ಹೇಗೆ? ಇದನ್ನು ಪ್ರಭು ಅವರು ಅರಿಯದವರಲ್ಲ. 1990ರ ಒಂದು ಲೇಖನದಲ್ಲಿ ಅವರು, ಎಲ್ಲರಿಗೂ ಎಲ್ಲೆಡೆಯೂ ಶ್ರೇಷ್ಠವಾದ ಪದ್ಧತಿಯೆಂಬುದು ಇಲ್ಲ, ಇದರಿಂದ ಮಕ್ಕಳು ಕಲಿಯುವರೆಂಬ ಜೀವಂತವಾದ ನಂಬಿಕೆಯು ಉಪಾಧ್ಯಾಯನಲ್ಲಿ ಇರುವುದೇ ಮುಖ್ಯ ಎಂಬ ಅಭಿಪ್ರಾಯವನ್ನು ಪ್ರತಿಪಾದಿಸಿದರು. ತಾನು ಕಂಡ ಮಾರ್ಗವನ್ನೇ ಏಕಮಾತ್ರ ಮಾರ್ಗವೆಂದು ಸಾರದ ಈ ವಿನಯವು ಪ್ರಶಂಸನೀಯ. ಆದರೆ ಆ ನಂಬಿಕೆಯು ಉಪಾಧ್ಯಾಯನಲ್ಲಿ ಹುಟ್ಟಬೇಕಾದರೆ ಅವನಿಗೆ ಮೊದಲು ಭಾಷೆಯ ಬಲವೂ, ಸಮಾನರೊಡನೆ ಕೂಡಿ ವಿಚಾರಮಾಡುವ ಅವಕಾಶವೂ ದೊರೆಯಬೇಕು. ಸಹಪಾಠಿಗಳ ಪಾದವು ಮಕ್ಕಳಿಗೆ ಎಷ್ಟು ಅವಶ್ಯವೋ ಉಪಾಧ್ಯಾಯರಿಗೂ ಅಷ್ಟೇ ಅವಶ್ಯ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲೀಷು ಒಂದು ಪಾಠವಾಗಿ ಬಂದಿದೆ. ವರ್ಷಗಳು ಹೆಚ್ಚಿದುವು, ಆ ವರ್ಷಗಳಲ್ಲಿ ಮಗುವಿನೊಡನೆ ಆ ಭಾಷೆಯಲ್ಲಿ ನಿಜವಾದ ಪ್ರಶ್ನೆಯೊಂದನ್ನು ಎಷ್ಟು ಸಲ ಕೇಳಿದರೆಂಬುದೇ ಎಣಿಸಬೇಕಾದ ಸಂಖ್ಯೆ. ಮನೆಯ ಹಿರಿಯರೂ ಇದರಲ್ಲಿ ನಿರ್ದೋಷಿಗಳಲ್ಲ. ನಂಟರ ಮುಂದೆ ಮಗುವು ಇಂಗ್ಲೀಷು ಪದ್ಯವನ್ನು ಒಪ್ಪಿಸಿದರೆ ಹಿಗ್ಗುವರು, ಅರ್ಥವೇನೆಂದು ಕೇಳುವುದಿಲ್ಲ. ಹೆಚ್ಚಿನ ಶುಲ್ಕ ತೆತ್ತು ಇಂಗ್ಲೀಷು ಮಾಧ್ಯಮದ ಶಾಲೆಗೆ ಕಳುಹಿಸುವರು. ಅಲ್ಲಿಯೂ ಒಕ್ಕೊರಲಿನ ಪಾರಾಯಣವೇ ನಡೆಯುತ್ತಿದ್ದರೆ ಮಾಧ್ಯಮವು ಬದಲಾದುದರಿಂದ ಆದ ಲಾಭವೇನು? ತಾಯ್ನುಡಿಯಲ್ಲಿ ಚೆನ್ನಾಗಿ ಯೋಚಿಸಬಲ್ಲ ಮಗುವಿಗೆ ಪರಭಾಷೆಯಲ್ಲಿ ಯೋಚಿಸುವ ಕೆಲಸವನ್ನು ಕೊಡುವುದು, ಕೊಟ್ಟ ಕೆಲಸವನ್ನು ಗೆಳೆಯರೊಡನೆ ಬಿಡಿಸಗೊಡುವುದು, ತಪ್ಪಿದಾಗ ನಗದೆ ತಿದ್ದುವುದು, ಇವಿಷ್ಟಕ್ಕೆ ದೊಡ್ಡ ಕಟ್ಟಡವೂ ಬೇಡ, ದುಬಾರಿಯ ಯಂತ್ರವೂ ಬೇಡ.

ಒಟ್ಟಿನಲ್ಲಿ ಹೇಳುವುದಾದರೆ, ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ಯು ಮೂರು ಪಾದಗಳ ಮೇಲೆ ನಿಲ್ಲಲೆಳಸಿದ ಗ್ರಂಥ. ಗುರುವಿಗೂ ಬುದ್ಧಿಗೂ ಅದು ಸಲ್ಲತಕ್ಕ ಗೌರವವನ್ನು ಸಲ್ಲಿಸಿದೆ. ಕಾಲವು ಅದಕ್ಕೆ ಪೂರ್ತಿಯಾಗಿ ಒದಗಲಿಲ್ಲ. ಗೆಳೆಯನನ್ನು ಅದು ಸಂಶಯದಿಂದ ನೋಡಿತು. ಆದರೂ ವಿದೇಶದಿಂದ ಬಂದ ಪದ್ಧತಿಗಳನ್ನು ಕಣ್ಣು ಮುಚ್ಚಿ ಅನುಸರಿಸದೆ, ಈ ನಾಡಿನ ಬಡ ಶಾಲೆಗಳ ಮಕ್ಕಳನ್ನೇ ಎದುರಿಗಿಟ್ಟುಕೊಂಡು, ಅವರು ಯೋಚಿಸಬಲ್ಲರೆಂಬ ವಿಶ್ವಾಸದಿಂದ ಆರಂಭಿಸಿದ ಶಾಸ್ತ್ರಗ್ರಂಥವು ಇದಕ್ಕಿಂತ ಬೇರೊಂದು ಸುಲಭವಾಗಿ ಸಿಗದು. ಇದರ ಸಾರವನ್ನು ಉಪಾಧ್ಯಾಯರಿಗೂ ತಾಯಿತಂದೆಗಳಿಗೂ ತಿಳಿಯುವಂತೆ ಕನ್ನಡದಲ್ಲಿ ಬರೆದು ಹಂಚುವ ಕಾರ್ಯವನ್ನು ಜಿಲ್ಲೆಗಳ ಸಾಹಿತ್ಯ ಸಂಘಗಳು ಕೈಗೊಳ್ಳುವುದಾದರೆ, ಬೆಂಗಳೂರಿನ ಹೆಸರಿನಿಂದ ಲೋಕಕ್ಕೆ ಹೋದ ವಿಚಾರವು ಬೆಂಗಳೂರಿನ ಸುತ್ತಲ ಹಳ್ಳಿಗಳಿಗೂ ಬಂದು ಮುಟ್ಟುವುದು.